ತೊಗಟೆ ಬೇಡ, ಎಲೆಯಿಂದಲೇ ರೋಹಿಟುಕಿನ್: ನನ್ನ ಅನುಭವ

ರೋಹಿಟುಕಿನ್ ಕ್ಯಾನ್ಸರ್ ಔಷಧ ಸಂಶೋಧನೆಯಲ್ಲಿ ಬಳಸುವ ಒಂದು ಆಲ್ಕಲಾಯ್ಡ್, ಅಂದರೆ ಸಾರಜನಕವಿರುವ ಸಸ್ಯ ರಾಸಾಯನಿಕ. ಅದಕ್ಕೆ ಡೈಸೊಕ್ಸಿಲಂ ಬೈನೆಕ್ಟಾರಿಫೆರಂ ಮರದ ತೊಗಟೆಯೇ ಬೇಕು, ಎಲೆಗೆ ಕೈಹಾಕಿದರೆ ಹಸಿರು ರಾಡಿ ಬಿಟ್ಟು ಬೇರೇನೂ ಸಿಗದು ಎಂದು ಲ್ಯಾಬಿನಲ್ಲಿ ಹೇಳದವರಿಲ್ಲ. ಆದರೆ ಪಶ್ಚಿಮ ಘಟ್ಟದಲ್ಲಿ ಈ ಮರ ಇರುವುದೇ ಅಲ್ಲೊಂದು ಇಲ್ಲೊಂದು. ತೊಗಟೆ ಸುಲಿದರೆ ಮರ ಉಳಿಯುವ ಭರವಸೆಯಿಲ್ಲ. ಎಲೆ ಮತ್ತೆ ಚಿಗುರುತ್ತದೆ. ಅದಕ್ಕೇ ಹಠ ಹಿಡಿದೆ. ಈಗ ನೆರಳಲ್ಲಿ ಒಣಗಿಸಿದ ಒಂದು ಕಿಲೋ ಎಲೆಗೆ ಸುಮಾರು ಆರೇಳು ಗ್ರಾಂ ಶುದ್ಧ ಪುಡಿ ಬರುತ್ತಿದೆ. ಅನುಮಾನಿಸಿದವರೇ ಈಗ ವಿಧಾನ ಕೇಳುತ್ತಿದ್ದಾರೆ.

ಮೆಥನಾಲ್ ಸಾರವನ್ನು ನೇರವಾಗಿ ಸಿಲಿಕಾ ಕಾಲಂಗೆ (ಘಟಕಗಳನ್ನು ಬೇರ್ಪಡಿಸುವ ಕೊಳವೆ) ಏರಿಸಿದರೆ ಕ್ಲೋರೊಫಿಲ್ ಕೊನೆತನಕ ಬೆನ್ನು ಬಿಡುವುದಿಲ್ಲ. ಹಾಗೆ ದ್ರಾವಕಕ್ಕೇ ಮೂವತ್ತು ಸಾವಿರ ರೂಪಾಯಿಯಷ್ಟು ಹೋಯಿತು. ಕಾಲಂ ಕೈಬಿಟ್ಟು, ಸಾರವನ್ನು ಆಮ್ಲದ ನೀರಿಗಿಳಿಸಿ ಹೆಕ್ಸೇನಿನಲ್ಲಿ ತೊಳೆದಾಗ ಹಸಿರು ಹೋಯಿತು. ಮುಂದಿನದೇ ಕಷ್ಟ. ಬೇರೆ ಆಲ್ಕಲಾಯ್ಡುಗಳಿಗೆ ಮಾಡುವಂತೆ ಅಮೋನಿಯಾ ಸುರಿದು ಪಿಎಚ್ ಹತ್ತು ದಾಟಿಸಿದರೆ, ರೋಹಿಟುಕಿನ್ ಸೆಳೆದುಕೊಳ್ಳಬೇಕಾದ ಬ್ಯುಟನಾಲ್ ಪದರ ಬರಿದು. ರೋಹಿಟುಕಿನ್‌ನಲ್ಲಿ ಅಮೈನ್ ಜೊತೆ ಫೀನಾಲ್ ಗುಂಪುಗಳೂ ಇವೆ. ಪ್ರತ್ಯಾಮ್ಲ ಹೆಚ್ಚಾದರೆ ಅವು ಅಯಾನಾಗಿ ನೀರಲ್ಲೇ ಕೂರುತ್ತವೆ. ಪಿಎಚ್ ಎಂಟರ ಆಸುಪಾಸಿನಲ್ಲಿ ಹುಡುಕಿ. ನಿಖರ ಅಂಕಿ, ಹರಳು ಕಟ್ಟಿಸುವ ದ್ರಾವಕ ಎರಡನ್ನೂ ಸದ್ಯಕ್ಕೆ ಹೇಳುವುದಿಲ್ಲ.

ನಡುವೆ, ಅದೂ ರೋಹಿಟುಕಿನ್ ತಯಾರಿಸೀತೇ ಎಂದು ಈ ಮರದ ಬೀಜದೊಳಗಿನ ಶಿಲೀಂಧ್ರವನ್ನೂ ಬೆಳೆಸಿ ನೋಡಿದೆ. ಮೊದಲ ಫ್ಲಾಸ್ಕಿನಲ್ಲಿ ರೋಹಿಟುಕಿನ್ ಇರುವುದನ್ನು ತೋರುವ ಸಣ್ಣ ಪೀಕ್ ಬಂತು, ಮರುಬಿತ್ತನೆ ಮಾಡುತ್ತಾ ಹೋದಂತೆ ಅದೂ ಮಾಯವಾಯಿತು. ಮರದಿಂದ ಹೊರಬಂದರೆ ಅದು ಆ ಕೆಲಸ ಮರೆಯುತ್ತದೆ.

ಪುಡಿಯನ್ನು ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಮೇಲೆ ಪರೀಕ್ಷಿಸಲು ಲ್ಯಾಬಿನಲ್ಲಿ ಬೆಳೆಸುವ ಎಚ್ಎಲ್-60, ಕೆ562 ಎಂಬ ಲ್ಯುಕೇಮಿಯಾ ಕೋಶಗಳು. ಅವನ್ನು ಬೆಳೆಸಲು ಬೇಕಾದ ಸೀರಮ್ ಬಾಟಲಿಯ ಬೆಲೆಯಲ್ಲಿ ತಿಂಗಳುಗಟ್ಟಲೆ ಮೆಥನಾಲ್ ಕೊಳ್ಳಬಹುದು, ಹಾಗಾಗಿ ಪ್ಲೇಟು ಹಾಳಾಗುವಂತಿಲ್ಲ. ಒಂದು ಮಾತು: ಬದುಕಿರುವ ಕೋಶ ಎಂಟಿಟಿ ಎಂಬ ಹಳದಿ ಬಣ್ಣವನ್ನು ನೇರಳೆ ಮಾಡುತ್ತದೆ, ಅದನ್ನೇ ನಾವು ಅಳೆಯುವುದು. ಆದರೆ ಕಚ್ಚಾ ಸಾರ ಕೋಶವೇ ಇಲ್ಲದ ಗುಳಿಯಲ್ಲೂ ಎಂಟಿಟಿಯನ್ನು ನೇರಳೆ ಮಾಡುತ್ತದೆ, ಸತ್ತ ಕೋಶವೂ ಬದುಕಿದಂತೆ ಕಾಣುತ್ತದೆ. ಕೋಶವಿಲ್ಲದ ಗುಳಿ ಇಡದೆ ಬಂದ ಅಂಕಿಯನ್ನು ನಾನು ನಂಬುವುದಿಲ್ಲ.

ನಮ್ಮ ಪುಡಿ ಎಚ್ಎಲ್-60ರಲ್ಲಿ ಅರ್ಧ ಕೋಶಗಳನ್ನು ಕೊಲ್ಲಲು ಹತ್ತು ಮೈಕ್ರೊಮೋಲಾರ್‌ನಷ್ಟು ಬೇಕಾಯಿತು. ಹೋಲಿಕೆಗೆ ಪಕ್ಕದಲ್ಲಿಟ್ಟ, ಕ್ಯಾನ್ಸರ್‌ಗಾಗಿ ಪರೀಕ್ಷಿಸಲಾದ ಸಂಶ್ಲೇಷಿತ ಅಣು ಫ್ಲಾವೊಪಿರಿಡಾಲ್‌ಗೆ ಒಂದಕ್ಕಿಂತ ಕಡಿಮೆ ಸಾಕಾಯಿತು. ರೋಹಿಟುಕಿನ್‌ನ ಮೀಥೈಲ್ ಜಾಗದಲ್ಲಿ ಕ್ಲೋರೊಫಿನೈಲ್ ಕೂತರೆ ಅದೇ ಫ್ಲಾವೊಪಿರಿಡಾಲ್; ಸಿಡಿಕೆ9 ಎಂಬ ಕಿಣ್ವ ತಡೆದು, ಕ್ಯಾನ್ಸರ್ ಕೋಶವನ್ನು ಸಾಯದಂತೆ ಕಾಯುವ ಎಂಸಿಎಲ್-1 ಪ್ರೊಟೀನ್ ಇಳಿಸುವ ಬಲ ಅಲ್ಲಿ ಹೆಚ್ಚು. ಆದ್ದರಿಂದ ಎಲೆಯ ಪುಡಿ ಔಷಧವಲ್ಲ, ಕಷಾಯ ಕುಡಿಯುವ ಮಾತಂತೂ ಬೇಡವೇ ಬೇಡ. ಅದು ಕಚ್ಚಾ ಬುನಾದಿ. ಜಮ್ಮುವಿನ ಸಂಶೋಧನಾ ಸಂಸ್ಥೆ ಐಐಐಎಂ ಇದೇ ಅಣುವಿನಿಂದ ಐಐಐಎಂ-290 ಎಂಬ ಕ್ಯಾನ್ಸರ್-ವಿರೋಧಿ ಅಣು ಕಟ್ಟಿದೆ. ನಮ್ಮ ಮೊದಲ ಐವತ್ತು ಗ್ರಾಂ ಸಂಶ್ಲೇಷಣೆಯ ಗೆಳೆಯರ ಕೈಸೇರಿದೆ. ಮೀಥೈಲ್ ತುದಿಯಿಂದಲೇ ಶುರುಮಾಡಿದ್ದಾರೆ.