ನಮ್ಮ ಬಿಸಿಲೂರಾಗ ಕಡಿಮಿ ರೇಟಿನ ವೈನ್ ಆರಿಸೋದು ಹೆಂಗ

ವೈನ್ ತಗೊಳ್ಳೋ ಮುಂದ ನಮ್ಮ ಹುಡುಗ್ರು ಲೇಬಲ್ ನೋಡ್ತಾರ, ನಾನು ಮೊದ್ಲು ಬಾಟ್ಲಿ ಎಲ್ಲಿಟ್ಟಾರ ಅಂತ ನೋಡ್ತೀನಿ. ಕೊಪ್ಪಳ ಗಂಗಾವತಿ ಕಡೆ ಬೋರ್ಡ್ ಮ್ಯಾಲೆ ವೈನ್ಸ್ ಅಂತ ದೊಡ್ಡದಾಗಿ ಬರದಿರ್ತಾರ, ಒಳಗ ಹೋದ್ರ ಎಲ್ಲಾ ವಿಸ್ಕಿ ಬ್ರಾಂದಿನ, ವೈನ್ ಮಾತ್ರ ನಾಕೈದು ಬಾಟ್ಲಿ ಮ್ಯಾಲಿನ ಹಲಗಿಗೆ ಧೂಳು ಹಿಡಕೊಂಡು ನಿಂತಿರ್ತಾವು. 40 ಡಿಗ್ರಿ ದಾಟೋ ಬ್ಯಾಸಗಿ ಹಂಗ ನಿಂತು ಕಳದ ಬಾಟ್ಲಿ ಎಂಥಾ ಕಂಪನಿದಾದ್ರೂ ಕೆಟ್ಟಿರ್ತೈತಿ, ಮೂಗಿಗೆ ಹಿಡಿದ್ರ ಹಣ್ಣು ಕುದಿಸಿದ ವಾಸನಿ. ಕಾರ್ಕ್ ಉಬ್ಬಿ ಮ್ಯಾಲೆ ಬಂದಿದ್ರ, ಕುತ್ತಿಗಿ ಹತ್ರ ಅಂಟಂಟು ಸೋರಿದ್ರ ಮುಟ್ಟಬ್ಯಾಡ್ರಿ. ವ್ಯಾಪಾರ ಜಾಸ್ತಿ ಇರೋ ಅಂಗಡ್ಯಾಗ ತಗೋರಿ, ಫ್ರಿಜ್‌ನ್ಯಾಗ ಇಟ್ಟಿದ್ದು ಐತೇನು ಅಂತ ಕೇಳ್ರಿ, ಕೇಳೋಕೇನು ನಾಚಿಕಿ.

ಆಮ್ಯಾಲೆ ಲೇಬಲ್ ಮ್ಯಾಲಿನ ವರ್ಷ ನೋಡ್ರಿ. ಹಳೇದಾದಷ್ಟೂ ಚೊಲೋ ಅನ್ನೋದು ಅಗ್ಗದ ವೈನಿಗೆ ನಡಿಯಂಗಿಲ್ಲ, ಬಿಳಿ ಮತ್ತ ರೋಸೆ (ಗುಲಾಬಿ ಬಣ್ಣದ್ದು) ಒಂದೆರಡು ವರ್ಷದೊಳಗಿಂದು ಇರ್ಲಿ, ಕೆಂಪು ಮೂರ್ನಾಕು ವರ್ಷ ಅಡ್ಡಿಯಿಲ್ಲ. ತಿರುವೋ ಮುಚ್ಚಳ ಇದ್ರ ಕಳಪಿ ಅಂತೇನಿಲ್ಲ, ನಮ್ಮ ಮನ್ಯಾಗ ಕಾರ್ಕ್ ತೆಗಿಯೋ ಸ್ಕ್ರೂ ಹುಡುಕೋ ತ್ರಾಸರೆ ತಪ್ಪತೈತಿ.

ಹೊರದೇಶದ್ದಕ್ಕ ಸುಂಕಾನ ಮಸ್ತ್ ಬೀಳತೈತ್ರಿ, ಅದೇ ರೊಕ್ಕಕ್ಕ ನಾಸಿಕದ ಸುಲಾ, ದೊಡ್ಡಬಳ್ಳಾಪುರದ ಗ್ರೋವರ್, ಅಕ್ಲೂಜಿನ ಫ್ರಾಟೆಲ್ಲಿ ಇವ್ರ ಸಾದಾ ಬಾಟ್ಲಿ ಒಳ್ಳೇದು. ಹಂಪಿ ಹಿಲ್ಸಿನ ಕ್ರಿಸ್ಮಾ ನಮ್ಮ ಕಡೇದು ಅಂತ ಅಭಿಮಾನ ಖರೆ, ಆದ್ರ ಬಜೆಟ್ಟಿಗೆ ಬರಂಗಿಲ್ಲ. ಯಾವ್ದು ಅಂತ ಗೊತ್ತಾಗ್ಲಿಲ್ಲಂದ್ರ ಚೆನಿನ್ ಬ್ಲಾಂಕ್ ಅಂತ ಬರದಿರೋ ಬಿಳಿ ವೈನ್ ತಗೋರಿ, ಸ್ವಲ್ಪ ಸಿಹಿ ಸ್ವಲ್ಪ ಹುಳಿ, ತಣ್ಣಗ ಮಾಡಿ ಮಿರ್ಚಿ ಬಜಿ ಜೋಡಿ ಕುಡಿದು ನೋಡ್ರಿ, ಖಾರ ತಡಿತೈತಿ. ಅದೇ ಮಿರ್ಚಿಗೆ ಒಗರಿನ ಕ್ಯಾಬರ್ನೆ ಅನ್ನೋ ಕೆಂಪು ವೈನ್ ಕುಡಿದ್ರ ನಾಲಿಗಿ ಇನ್ನಷ್ಟು ಉರಿತೈತಿ, ಕೆಂಪು ವೈನ್ ಮಟನ್ ಮಾಡಿದ ದಿನಕ್ಕಿಡ್ರಿ, ಅವತ್ತೂ ಖಾರ ಕಡಿಮಿ ಇರ್ಲಿ. ಪೋರ್ಟ್ ಅಂತ ಎಲ್ಲಕ್ಕಿಂತ ಅಗ್ಗಕ್ಕ ಸಿಗತೈತಲ್ಲ, ಅದು ಬರೇ ಸಿಹಿ, ಮರುದಿನ ತಲಿ ಹಿಡಕೊಂಡು ಕುಂದ್ರೋರಿಗೆ.

ಕೆಂಪು ವೈನ್ ರೂಮ್ ಟೆಂಪರೇಚರ್‌ನ್ಯಾಗ ಕುಡಿಬೇಕು ಅಂತಾರಲ್ಲ, ಆ ರೂಮು 18 ಡಿಗ್ರಿ ಆಜುಬಾಜು ಇರೋದು, ನಮ್ಮ ರೂಮಲ್ಲ. ಅರ್ಧ ತಾಸು ಫ್ರಿಜ್‌ನ್ಯಾಗಿಟ್ಟು ತೆಗೀರಿ, ಮುನ್ನೂರು ರೂಪಾಯಿ ಜಾಸ್ತಿ ಕೊಟ್ಟು ತಂದ ವೈನ್ ಕುಡದಂಗ ಅನಸ್ತೈತಿ, ಐಸ್ ಮಾತ್ರ ಹಾಕಬ್ಯಾಡ್ರಿ.

750 ಎಂಎಲ್ ಬಾಟ್ಲಿಗೆ ಐದು ಗ್ಲಾಸ್ ಬರ್ತಾವು, ಮನ್ಯಾಗ ಇಬ್ರೇ ಇದ್ರ 375ರದು ಸಿಕ್ರ ಅದನ್ನ ನೋಡ್ರಿ. ಉಳೀತಂದ್ರ ಮುಚ್ಚಳ ಬಿಗಿ ಮಾಡಿ ಫ್ರಿಜ್‌ನ್ಯಾಗ ನಿಲ್ಲಿಸ್ರಿ, ಕೆಂಪಾದ್ರೂ ಅಲ್ಲೇ, ಮೂರ್ನಾಕು ದಿನ ತಡಿತೈತಿ, ಆಮ್ಯಾಲೆ ಹುಳಿ ಆತಂದ್ರ ಚಿಕನ್ ನೆನೆಸಾಕ ಹಾಕ್ರಿ.