ಹಳೆ ಸಾಮಾನು ನಡೆಸಿಕೊಂಡು ಹೋಗುವುದು: ನನ್ನ ಅನುಭವ

ಒಂದು ವಸ್ತು ಎಷ್ಟು ವರ್ಷ ಬಾಳುತ್ತದೆ ಅನ್ನೋದು ಅದರ ಪಾರ್ಟ್ಸ್ ಸಿಗುತ್ತದೋ ಇಲ್ಲವೋ ಅನ್ನೋದರ ಮೇಲೆ ನಿಂತಿದೆ. ಗಟ್ಟಿಯಾಗಿದೆಯೋ ಇಲ್ಲವೋ ಅನ್ನೋದು ಆಮೇಲಿನ ಮಾತು. ಎಂಥ ಗಟ್ಟಿ ವಸ್ತುವಿನಲ್ಲೂ ಸವೆಯುವ ಒಂದೆರಡು ಜಾಗ ಇದ್ದೇ ಇರುತ್ತವೆ. ಆ ಜಾಗಕ್ಕೆ ಹೊಸ ಪಾರ್ಟ್ ಹಾಕಲು ಆದರೆ ವಸ್ತು ಉಳಿಯುತ್ತದೆ, ಆಗದಿದ್ದರೆ ಗುಜರಿಗೆ. ಮನೆ ನಡೆಸುತ್ತಾ, ಮನೆಯಲ್ಲೇ ಕೂತು ಅನುವಾದದ ಕೆಲಸ ಮಾಡುತ್ತಾ ನಾನು ಕಲಿತದ್ದು ಇಷ್ಟೇ. ಇದನ್ನು ಹೇಗೆ ನಡೆಸುತ್ತಿದ್ದೇನೆ ಅಂತ ಬರೆದರೆ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಮಿಕ್ಸಿಯಿಂದ ಶುರು ಮಾಡುತ್ತೇನೆ. ನಮ್ಮ ಅಡುಗೆಮನೆಗಳಲ್ಲಿ ಸುಮ್ನೆ ಮೂಲೆ ಸೇರುವ ವಸ್ತು ಅದೇ. "ಮಿಕ್ಸಿ ಕೆಟ್ಟೋಯ್ತು" ಅಂತ ಯಾರಾದರೂ ಅಂದರೆ ನಾನು ಮೊದಲು ಕೇಳುವುದು, ಏನಾಗ್ತಿದೆ ಅಂತ. ಸ್ವಿಚ್ ಹಾಕಿದರೆ ಸದ್ದೇ ಇಲ್ಲವಾ? ಹಾಗಾದರೆ ಮಿಕ್ಸಿ ಎತ್ತಿ ಅಡಿ ನೋಡಿ. ಅಲ್ಲೊಂದು ಚಿಕ್ಕ ಬಟನ್ ಇರುತ್ತದೆ, ಸಾಮಾನ್ಯವಾಗಿ ಕೆಂಪು ಬಣ್ಣದ್ದು. ಹೊರೆ ಜಾಸ್ತಿಯಾದಾಗ ಮೋಟಾರ್ ಸುಡದಿರಲಿ ಅಂತ ಅದು ತಾನೇ ಹೊರಗೆ ಬಂದು ಕರೆಂಟ್ ನಿಲ್ಲಿಸುತ್ತದೆ. ಸ್ವಲ್ಪ ಹೊತ್ತು ತಣ್ಣಗಾಗಲು ಬಿಟ್ಟು ಒತ್ತಿದರೆ ಮುಗೀತು. ಇಷ್ಟು ಗೊತ್ತಿಲ್ಲದೆ ಎಷ್ಟು ಮಿಕ್ಸಿಗಳು ಅಟ್ಟ ಸೇರಿವೆಯೋ!

ಮೋಟಾರ್ ತಿರುಗುತ್ತದೆ, ಜಾರಿನ ಬ್ಲೇಡ್ ತಿರುಗುವುದಿಲ್ಲ ಅಂದರೆ ಕಪ್ಲರ್ ಸವೆದಿದೆ. ಮೋಟಾರಿನ ಮೇಲೆ ಹಲ್ಲು ಹಲ್ಲಾಗಿ ಕಾಣುವ ಪ್ಲಾಸ್ಟಿಕ್ ಅಥವಾ ರಬ್ಬರ್ ಬಿಲ್ಲೆ ಅದು. ಜಾರಿನೊಳಗೆ ಏನಾದರೂ ಗಟ್ಟಿ ಸಿಕ್ಕಿಕೊಂಡರೆ ಮೊದಲು ಮುರಿಯುವುದು ಈ ಬಿಲ್ಲೆ, ಮೋಟಾರ್ ಬಚಾವಾಗುತ್ತದೆ. ಬಿಚ್ಚುವಾಗ ಗಮನಿಸಬೇಕಾದ ವಿಷಯ ಒಂದಿದೆ. ಓಡುತ್ತಾ ಓಡುತ್ತಾ ತಾನೇ ಬಿಗಿಯಾಗುವ ಹಾಗೆ ಇದರ ಮರೆ (ಸ್ಕ್ರೂವಿನ ಸುತ್ತು) ಇರುತ್ತದೆ. ಹಾಗಾಗಿ ಮೋಟಾರ್ ಯಾವ ಕಡೆಗೆ ತಿರುಗುತ್ತದೋ ಅದೇ ಕಡೆಗೆ ಕಪ್ಲರ್ ತಿರುಗಿಸಿದರೆ ಸಡಿಲವಾಗುತ್ತದೆ. ಪ್ಲಗ್ ಕಿತ್ತು, ಮೋಟಾರಿನ ಶಾಫ್ಟ್ ಅಲುಗದಂತೆ ಅಡಿಯಿಂದ ಸ್ಕ್ರೂಡ್ರೈವರ್‌ನಲ್ಲಿ ಹಿಡಿದುಕೊಂಡು ಬಿಚ್ಚಬೇಕು. ಹೊಸ ಕಪ್ಲರ್ ನೂರು ರೂಪಾಯಿ ಒಳಗೇ ಸಿಗುತ್ತದೆ. ನಾನು ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗುತ್ತೇನೆ. ಪೇಟೆಯ ಪಾರ್ಟ್ಸ್ ಅಂಗಡಿಯವರು ಯಾವಾಗಲೂ ಹೇಳುವುದು ಅದನ್ನೇ: "ಅಕ್ಕಾ, ಕಂಪನಿ ಹೆಸರು ಹೇಳಿದ್ರೆ ಸಾಲದು, ಹಳೇದು ತನ್ನಿ, ಅಳತೆ ನೋಡಿ ಕೊಡ್ತೀನಿ."

ಜಾರಿನ ಅಡಿಯಲ್ಲಿ ಕಪ್ಪು ನೀರು ಜಿನುಗಿದರೆ ಬುಷ್, ಅಂದರೆ ಬ್ಲೇಡಿನ ಕಡ್ಡಿ ತಿರುಗುವ ಬಳೆ, ಹೋಗಿದೆ ಅಂತ ಅರ್ಥ. ಆ ಜಾರಿನಲ್ಲಿ ಮತ್ತೆ ಚಟ್ನಿ ರುಬ್ಬಬೇಡಿ, ಮೊದಲು ಬುಷ್ ಬದಲಿಸಿ. ಗಾಳಿ ಕಿಂಡಿಯಲ್ಲಿ ಕಿಡಿ ಜಾಸ್ತಿ ಕಾಣಿಸಿ ಸುಟ್ಟ ವಾಸನೆ ಬಂದರೆ ಮೊದಲ ಅನುಮಾನ ಕಾರ್ಬನ್ ಬ್ರಷ್ ಮೇಲೆ, ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು ಅದು. ಪೆನ್ಸಿಲ್ ತುಂಡಿನಷ್ಟು ಇದ್ದದ್ದು ಸವೆದು ಸವೆದು ಚೂರಾಗಿರುತ್ತದೆ. ಜೋಡಿಯಾಗಿಯೇ ಬದಲಿಸಬೇಕು. ಇಷ್ಟೂ ಕೆಲಸ ನಾನೇ ಮಾಡುತ್ತೇನೆ. ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ತಂತಿ ಸುತ್ತಿದ ಭಾಗ) ಸುಟ್ಟಿದ್ದರೆ ಮಾತ್ರ ರಿಪೇರಿ ಅಂಗಡಿಗೆ.

ಸವೆಯುವುದನ್ನು ನಿಧಾನ ಮಾಡುವುದೂ ಇದರದೇ ಭಾಗ. ಹಲವು ಮಿಕ್ಸಿಗಳ ಜೊತೆ ಬರುವ ಪುಸ್ತಕದಲ್ಲಿ 5 ನಿಮಿಷ ಓಡಿಸಿ 2 ನಿಮಿಷ ಬಿಡಿ ಅಂತ ಬರೆದಿರುತ್ತದೆ. ಯಾರೂ ಓದುವುದಿಲ್ಲ. ದೋಸೆಗೆ ಉದ್ದು ರುಬ್ಬುವಾಗ ಬಿಡುವಿಲ್ಲದೆ ಓಡಿಸಿ ಮೋಟಾರ್ ಕಾಯಿಸುತ್ತೇವೆ. ನಮ್ಮನೆಯಲ್ಲಿ ಹಿಟ್ಟಿನ ಕೆಲಸ ಗ್ರೈಂಡರ್‌ಗೆ, ಚಟ್ನಿ ಮಸಾಲೆ ಮಿಕ್ಸಿಗೆ. ಕುಕ್ಕರ್ ವಿಷಯದಲ್ಲೂ ಹೀಗೇ. ಗ್ಯಾಸ್ಕೆಟ್ ಗಡುಸಾಗಿ ಪಕ್ಕದಿಂದ ಆವಿ ಹೋಗಲು ಶುರುವಾದರೆ ಅದನ್ನು ಎಳೆದು ಎಳೆದು ಹಾಕುವುದು ಬೇಡ, ಹೊಸದು ತನ್ನಿ. ನೀರು ಆರಿ ತಳ ಕಾದಾಗ ಸೇಫ್ಟಿ ವಾಲ್ವ್ ಒಳಗಿನ ಮೆತ್ತನೆ ಲೋಹ ಕರಗಿ ಆವಿಗೆ ದಾರಿ ಬಿಡುತ್ತದೆ. ಜೀವ ಉಳಿಸುವ ಪಾರ್ಟ್ ಅದು. ಅಲ್ಲಿ ಮಾತ್ರ ಅಗ್ಗದ್ದು ಹುಡುಕದೆ ಕುಕ್ಕರಿನ ಕಂಪನಿಯದ್ದೇ ಹಾಕುತ್ತೇನೆ.

ಇನ್ನು ನನ್ನ ಅನ್ನ ಹುಟ್ಟಿಸುವ ಯಂತ್ರದ ಮಾತು. ನಾನು ಇವತ್ತಿಗೂ ಕೆಲಸ ಮಾಡುವುದು 2011ರಲ್ಲಿ ಬಂದ ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಟಿ420 ಲ್ಯಾಪ್‌ಟಾಪ್‌ನಲ್ಲಿ. ಕಂಪನಿಗಳು ತಮ್ಮ ಆಫೀಸಿಗೆ ಅಂತ ಗಟ್ಟಿಯಾದ ಲ್ಯಾಪ್‌ಟಾಪ್ ತಗೊಳ್ಳುತ್ತವೆ, ಕೆಲವು ವರ್ಷ ಬಳಸಿ ಕೈಬಿಡುತ್ತವೆ. ಅಂಥವು ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಿಗೆ ಬರುತ್ತವೆ. ನನ್ನದೂ ಅಲ್ಲಿಂದ ಬಂದದ್ದೇ. ತುಮಕೂರಿನಿಂದ ರೈಲು ಹತ್ತಿ ಹೋದರೆ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬಹುದು.

ಇದನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಬಿಚ್ಚಲು ಅಂತಲೇ ಮಾಡಿದ ಯಂತ್ರ ಇದು. ತಿರುಗಿಸಿ ನೋಡಿದರೆ ಕೀಬೋರ್ಡ್ ಹಿಡಿದಿರುವ ಸ್ಕ್ರೂಗಳ ಪಕ್ಕದಲ್ಲಿ ಕೀಬೋರ್ಡಿನ ಚಿಕ್ಕ ಚಿತ್ರ ಇದೆ. ಯಾವ ಸ್ಕ್ರೂ ಯಾವುದಕ್ಕೆ ಅಂತ ಹುಡುಕಬೇಕಾಗಿಲ್ಲ. ಹಾರ್ಡ್ ಡಿಸ್ಕಿನ ಮುಚ್ಚಳಕ್ಕೆ ಒಂದೇ ಸ್ಕ್ರೂ. ಬ್ಯಾಟರಿ ಹಿಂದಿನಿಂದ ಕೈಯಲ್ಲೇ ಕಳಚುತ್ತದೆ. ಕೀಬೋರ್ಡಿನ ಮೇಲೆ ನೀರು ಬಿದ್ದರೆ ಕೆಳಗೆ ಹರಿದು ಹೋಗಲು ಅಡಿಯಲ್ಲಿ ತೂತುಗಳಿವೆ. ಎಲ್ಲಕ್ಕಿಂತ ಮುಖ್ಯ, ಪೂರ್ತಿ ಬಿಚ್ಚಿ ಜೋಡಿಸುವುದು ಹೇಗೆ ಅಂತ ಚಿತ್ರ ಸಮೇತ ಹೇಳುವ ಕೈಪಿಡಿಯನ್ನು ಕಂಪನಿಯೇ ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟಿದೆ. ಈಗ ಬರುವ ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ (ಕೆಲಸದ ಹೊತ್ತಿನ ಮಾಹಿತಿ ಇಟ್ಟುಕೊಳ್ಳುವ ಪಟ್ಟಿ) ಅನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಬ್ಯಾಟರಿಯನ್ನು ಅಂಟಿಸಿರುತ್ತಾರೆ. ಅವು ನೋಡಲು ಚೆಂದ. ಆದರೆ ಕೊಂಡ ದಿನವೇ ಅವುಗಳ ಆಯಸ್ಸು ನಿಗದಿಯಾಗಿಬಿಟ್ಟಿರುತ್ತದೆ.

ಮಾಡಿದ ಕೆಲಸಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಹಳೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗವೇ ಇಲ್ಲದ ವೇಗದ ಡಿಸ್ಕ್) ಹಾಕಿದ್ದು. "ಲ್ಯಾಪ್‌ಟಾಪ್ ನಿಧಾನ ಆಗಿದೆ, ಹೊಸದು ತಗೋಬೇಕು" ಅನ್ನುವವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಪ್ರೊಸೆಸರ್ ಪಾಪ ಚೆನ್ನಾಗಿಯೇ ಇರುತ್ತದೆ, ತಿರುಗುವ ಡಿಸ್ಕಿನಿಂದ ಮಾಹಿತಿ ಬರುವುದನ್ನು ಕಾಯುತ್ತಾ ಕೂತಿರುತ್ತದೆ. ಎರಡನೆಯದು ರ್‍ಯಾಮ್ ಹೆಚ್ಚಿಸಿದ್ದು, ಇದಕ್ಕೆ ಬೇಕಾದ ಡಿಡಿಆರ್3 ಅನ್ನುವ ಹಳೆ ಬಗೆಯದು ಈಗಲೂ ಸಿಗುತ್ತದೆ. ಮೂರನೆಯದು ಧೂಳು. ಫ್ಯಾನ್ ಬಿಚ್ಚಿ ನೋಡಿದರೆ ಬಿಸಿಗಾಳಿ ಹೊರಹೋಗುವ ತಾಮ್ರದ ಪಟ್ಟಿಗಳ ಮುಂದೆ ಧೂಳು ಕಂಬಳಿ ಹೊದಿಸಿದ ಹಾಗೆ ಕೂತಿತ್ತು. ಬ್ರಷ್ ಹಾಕಿ ತೆಗೆದೆ. ಪ್ರೊಸೆಸರ್ ಮೇಲೆ ಅದರ ಬಿಸಿ ಹೊರಗೆ ದಾಟಿಸುವ, ಒಣಗಿ ಹೋಗಿದ್ದ ಪೇಸ್ಟ್ ಒರೆಸಿ, ಹೊಸ ಥರ್ಮಲ್ ಪೇಸ್ಟ್ ಕಡಲೆಕಾಳಿನಷ್ಟು ಹಾಕಿದೆ. ಆಮೇಲೆ ಫ್ಯಾನ್ ಬೊಬ್ಬೆ ಹೊಡೆಯುವುದು ನಿಂತಿತು.

ಸಾಫ್ಟ್‌ವೇರ್ ಬೇರೆಯೇ ಕಥೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಇರಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಇರಬೇಕು. ನನ್ನದು 2ನೇ ತಲೆಮಾರು. ಯಂತ್ರಕ್ಕೆ ಏನೂ ಆಗಿಲ್ಲ, ಆದರೂ ಮೂಲೆಗೆ ಹಾಕು ಅನ್ನುವಂತಾಗುತ್ತದೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ನಾನು ವಿಂಡೋಸ್ ಬಿಟ್ಟು, ಅದರ ಬದಲಿಗೆ ಬಿಟ್ಟಿಯಾಗಿ ಸಿಗುವ ಲಿನಕ್ಸ್ ಮಿಂಟ್‌ಗೆ ಬಂದೆ. ಅಪ್‌ಡೇಟ್ ಬರುತ್ತಲೇ ಇದೆ. ಕನ್ನಡ ಟೈಪಿಂಗ್ ಹೇಗಪ್ಪಾ ಅಂತ ಚಿಂತೆ ಇತ್ತು, ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆ ಅಲ್ಲೂ ಸಿಗುತ್ತದೆ. ಬೆರಳಿಗೆ ಅಭ್ಯಾಸವಾದದ್ದನ್ನು ಬದಲಿಸಬೇಕಾಗಲಿಲ್ಲ. ವಿಡಿಯೋ ಎಡಿಟಿಂಗ್ ಮಾಡುವವರಿಗೆ, ದೊಡ್ಡ ಆಟ ಆಡುವವರಿಗೆ ಈ ಯಂತ್ರ ಸಾಲದು, ಅದನ್ನು ಒಪ್ಪುತ್ತೇನೆ. ಬರೆಯುವುದು, ಓದುವುದು, ಬ್ಯಾಂಕ್ ಕೆಲಸ, ವಿಡಿಯೋ ಕಾಲ್, ಇಷ್ಟಕ್ಕೆ ಧಾರಾಳ ಸಾಕು. "ಅತ್ತೆ, ಈಗ ಇಎಂಐ ಇದೆ, ಹೊಸದು ತಗೊಳ್ಳಿ" ಅಂತ ಅಣ್ಣನ ಮಗ ಆಗಾಗ ಹೇಳುತ್ತಾನೆ. ಪ್ರೀತಿಯಿಂದಲೇ ಹೇಳುವುದು. ಆದರೆ ಇಎಂಐ ಇದೆ ಅನ್ನೋದು ಕೊಳ್ಳಲು ಕಾರಣ ಆಗಬಾರದು ಅಲ್ವಾ?

ಹಳೆಯದು ಅಂದ ಮಾತ್ರಕ್ಕೆ ನಾನು ಎಲ್ಲವನ್ನೂ ಇಟ್ಟುಕೊಳ್ಳುವುದಿಲ್ಲ. ಸೀಲಿಂಗ್ ಫ್ಯಾನ್ ನೋಡಿ. ಹಳೆ ಫ್ಯಾನ್ ನಿಧಾನವಾದರೆ ಬಹಳ ಸಲ ಅದು ಕೆಪಾಸಿಟರ್ (ಮೋಟಾರ್ ತಿರುಗಲು ನೆರವಾಗುವ ಚಿಕ್ಕ ಡಬ್ಬಿ) ತೊಂದರೆ. ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್‌ನದು, ಎಲೆಕ್ಟ್ರಿಷಿಯನ್ ಬಂದು ಕ್ಷಣದಲ್ಲಿ ಹಾಕಿಕೊಡುತ್ತಾರೆ. ಹಾಗೆ ಇನ್ನೂ ಹತ್ತು ವರ್ಷ ಓಡಿಸಬಹುದು. ಆದರೆ ಅದು ಸುಮಾರು 75 ವ್ಯಾಟ್ ಎಳೆಯುತ್ತದೆ, ಕಡಿಮೆ ಕರೆಂಟಿನ ಮೋಟಾರ್ ಇರುವ ಹೊಸ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಆಸುಪಾಸು. ದಿನಕ್ಕೆ 15 ಗಂಟೆ ತಿರುಗಿದರೆ ತಿಂಗಳಿಗೆ ಹಳೆಯದಕ್ಕೆ 34 ಯೂನಿಟ್, ಹೊಸದಕ್ಕೆ 14ರ ಒಳಗೆ. ಹಾಗಾಗಿ ನಡುಮನೆಯ ಫ್ಯಾನ್ ಬದಲಿಸಿದೆ. ಯಾವಾಗಲೋ ಒಮ್ಮೆ ತಿರುಗುವ ಅತಿಥಿಗಳ ಕೋಣೆಯ ಫ್ಯಾನ್ ಹಾಗೇ ಇದೆ. ಎಷ್ಟು ಹೊತ್ತು ಓಡುತ್ತದೆ ಅನ್ನೋದೇ ಇಲ್ಲಿ ಲೆಕ್ಕ. ಗ್ಯಾಸ್ ಪೈಪ್, ಹೆಲ್ಮೆಟ್ ಇಂಥವನ್ನು ಅವಧಿ ಮುಗಿದ ಮೇಲೆ ಇಟ್ಟುಕೊಳ್ಳುವ ಮಾತೇ ಇಲ್ಲ. ಸೆಕ್ಯುರಿಟಿ ಅಪ್‌ಡೇಟ್ ನಿಂತ ಫೋನಿನಲ್ಲಿ ಯುಪಿಐ ಇಟ್ಟುಕೊಳ್ಳುವುದಿಲ್ಲ, ಹಾಡು ಕೇಳಲು ಮಾತ್ರ ಇಟ್ಟುಕೊಳ್ಳುತ್ತೇನೆ.

ಕೈಗಡಿಯಾರದ ಬಗ್ಗೆ ಹೇಳದೆ ಇದ್ದರೆ ತುಮಕೂರಿನವಳಾಗಿ ನನಗೆ ಸಮಾಧಾನ ಇರುವುದಿಲ್ಲ. ಎಚ್ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿತು. ಆಮೇಲೆ ನಮ್ಮೂರಿನಲ್ಲೂ ಕಾರ್ಖಾನೆ ಬಂತು. 2016ರಲ್ಲಿ ವಾಚು ಕಂಪನಿಯನ್ನೇ ಮುಚ್ಚುವ ತೀರ್ಮಾನವಾಯಿತು, ಇಲ್ಲಿನ ಜಾಗ ಇಸ್ರೋಗೆ ಹೋಯಿತು. ಆದರೂ ಅಪ್ಪನ 17 ಜ್ಯುವೆಲ್‌ನ (ಚಕ್ರಗಳು ಸವೆಯದಂತೆ ಕೂರಿಸುವ ಚಿಕ್ಕ ಕಲ್ಲುಗಳು) ಎಚ್ಎಂಟಿ ಜನತಾ ವಾಚು ಓಡುತ್ತಿದೆ. ದಿನಾ ಬೆಳಿಗ್ಗೆ ಕೀ ಕೊಡುತ್ತೇನೆ. ಇದು ಹೇಗೆ ಸಾಧ್ಯ ಅಂದರೆ, ಲಕ್ಷಗಟ್ಟಲೆ ಜನ ಕಟ್ಟಿಕೊಂಡ ಮಾಡೆಲ್ ಇದು. ಕೆಟ್ಟು ನಿಂತ ವಾಚುಗಳು ರಿಪೇರಿಯವರ ಡಬ್ಬಿಗಳಲ್ಲಿ ತುಂಬಿವೆ, ಒಂದರ ಚಕ್ರ ಇನ್ನೊಂದಕ್ಕೆ ಕೂರುತ್ತದೆ. ಒಳಗಿನ ಎಣ್ಣೆ ಒಣಗುವ ಮೊದಲು, ಕೆಲವು ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿ ಎಣ್ಣೆ ಹಾಕಿಸಬೇಕು. ಹಳೆ ಎಚ್ಎಂಟಿ ಕೊಳ್ಳುವ ಆಸೆ ಇದ್ದವರು ಡಯಲ್ ಸರಿಯಾಗಿ ನೋಡಿ. ಹೊಸದಾಗಿ ಬಣ್ಣ ಬಳಿದು, ಚೂರುಪಾರು ಜೋಡಿಸಿ ಮಾರುವುದು ತುಂಬ ಇದೆ.

ಇಷ್ಟೆಲ್ಲ ಆದ ಮೇಲೆ, ಹೊಸದು ಕೊಳ್ಳುವಾಗ ನಾನು ಕೇಳುವ ಪ್ರಶ್ನೆಗಳೇ ಬದಲಾಗಿವೆ. ಆಫರ್ ಎಷ್ಟು ಅಂತ ಆಮೇಲೆ ಕೇಳುತ್ತೇನೆ. ಇದರ ಜಾರ್ ಒಂದೇ ಬೇಕಾದರೆ ಸಿಗುತ್ತದಾ? ಸರ್ವಿಸ್ ನಮ್ಮೂರಲ್ಲಿದೆಯಾ? ತಿರುಗಿಸಿ ನೋಡಿದರೆ ಸ್ಕ್ರೂ ಕಾಣುತ್ತದಾ, ಇಲ್ಲ ಅಂಟಿಸಿದ್ದಾರಾ? ಹತ್ತು ವರ್ಷದಿಂದ ಹೆಚ್ಚು ಬದಲಾಗದ ಮಾಡೆಲ್ ಸಿಕ್ಕರೆ ನನಗೆ ಖುಷಿ. ಅದರ ಪಾರ್ಟ್ಸ್ ಎಲ್ಲ ಅಂಗಡಿಯಲ್ಲೂ ಇರುತ್ತದೆ. ಮನೆಯಲ್ಲಿ ಒಂದು ಹಳೆ ನೋಟ್‌ಬುಕ್ ಇದೆ. ಯಾವ ವಸ್ತುವಿಗೆ ಯಾವ ಪಾರ್ಟ್, ಅಳತೆ ಎಷ್ಟು, ಯಾವ ಅಂಗಡಿ, ಎಷ್ಟು ಕೊಟ್ಟೆ, ಎಲ್ಲ ಅದರಲ್ಲಿ ಬರೆಯುತ್ತೇನೆ. ಗ್ಯಾರಂಟಿ ಕಾರ್ಡನ್ನೂ ಅದರೊಳಗೇ ಅಂಟಿಸುತ್ತೇನೆ.

ಸರ್ಕಾರಗಳಿಗೂ ಈ ವಿಷಯ ಈಗ ಮುಟ್ಟುತ್ತಿದೆ. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಆ ವರ್ಷದ ಕೊನೆಗೆ ಒಂದು ಪೋರ್ಟಲ್ ಕೂಡ ಬಂತು. ಕೈಪಿಡಿ, ಸರ್ವಿಸ್ ಸೆಂಟರ್, ಪಾರ್ಟ್ಸ್ ಮಾಹಿತಿಯನ್ನು ಕಂಪನಿಗಳು ಒಂದೇ ಕಡೆ ಕೊಡಲಿ ಅನ್ನೋದು ಅದರ ಉದ್ದೇಶ. ಆದರೆ ಕೊಡಲೇಬೇಕು ಅನ್ನುವ ಬಿಗಿ ಕಾನೂನು ಬರಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಯುರೋಪ್ ಒಕ್ಕೂಟದಲ್ಲಿ 2025ರ ಜೂನ್‌ನಿಂದ ಹೊಸ ಫೋನುಗಳಿಗೆ ನಿಯಮ ಬಂದಿದೆ. ಮಾರಾಟ ನಿಲ್ಲಿಸಿದ ಮೇಲೂ 7 ವರ್ಷ ಮುಖ್ಯ ಪಾರ್ಟ್ಸ್ ಕೊಡಬೇಕು, ಕನಿಷ್ಠ 5 ವರ್ಷ ಅಪ್‌ಡೇಟ್ ಕೊಡಬೇಕು. ಬಳಸುವವರೇ ಬ್ಯಾಟರಿ ಬದಲಿಸುವಂತಿರಬೇಕು ಅನ್ನುವ ನಿಯಮ ಅಲ್ಲಿ 2027ರ ಫೆಬ್ರುವರಿಯಿಂದ ಬರುತ್ತದೆ, ಕೆಲವು ವಿನಾಯಿತಿಗಳ ಜೊತೆ. ಅಲ್ಲಿಗಾಗಿ ಮಾಡಿದ ಮಾಡೆಲ್‌ಗಳು ಇಲ್ಲಿಗೂ ಬರಬಹುದು. ನನ್ನ ಫೋನಿಗೆ ಕಳೆದ ತಿಂಗಳು ಹೊಸ ಬ್ಯಾಟರಿ ಹಾಕಿಸಿದ್ದೇನೆ. ಅಪ್‌ಡೇಟ್ ಅಲ್ಲಿವರೆಗೂ ಬರುತ್ತದೆ, ಮುಂದಿನ ಫೋನನ್ನು ಆಗಲೇ ನೋಡುತ್ತೇನೆ.