ಅಮೋನಿಯಾ ಹಾಕಿ ಸೀಸ ಹಿಡಿದ ಕತೆ

"ಸಮುದ್ರದ ನೀರಿಗೆ ಅಮೋನಿಯಾ ಹಾಕಿದ್ರೆ ಬರೋದು ಬರೀ ಮೆಗ್ನೀಸಿಯಂ ಗಸಿ. ಅದ್ರಲ್ಲಿ ಸೀಸ ಎಂತದು ಮಾರಾಯ?" ಅಂತ ಲ್ಯಾಬಿನ ಹಿರಿಯರೊಬ್ಬರು ನಕ್ಕಿದ್ದರು. ಹೋದ ತಿಂಗಳು ಅವರೇ ಬಂದು ನನ್ನ ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದು ನೋಡಿದರು!

ನನಗೆ ಅಳೆಯಬೇಕಿದ್ದದ್ದು ಕಾರವಾರದ ಸಮುದ್ರದ ನೀರಿನಲ್ಲಿರುವ ಚೂರೇ ಚೂರು ಸೀಸ. ಆ ನೀರನ್ನು ನೇರ ಗ್ರಾಫೈಟ್ ಫರ್ನೇಸ್‌ಗೆ (ಹನಿಯನ್ನು ಕಾಯಿಸಿ ಲೋಹ ಅಳೆಯುವ ಯಂತ್ರ) ಕೊಟ್ಟರೆ ಉಪ್ಪಿನ ಹೊಗೆ ಏಳುತ್ತದೆ. ಹಾಗೆ ಅದರ 2 ಗ್ರಾಫೈಟ್ ಟ್ಯೂಬ್ ಹಾಳು ಮಾಡಿದೆ. ಒಂದಕ್ಕೆ ಆಗ 5 ಸಾವಿರ ರೂಪಾಯಿಯ ಹತ್ತಿರ. ಆಮೇಲೆ ಚೀಲೆಕ್ಸ್ ರೆಸಿನ್, ಲೋಹ ಹಿಡಿಯುವ ಸಣ್ಣ ಮಣಿಗಳು, ಕೊಳವೆಯಲ್ಲಿ (ಕಾಲಂ) ತುಂಬಿ ನೀರು ಹಾಯಿಸುವುದು. ಆಸಿಡ್ ಬಿಟ್ಟರೆ ಕುಗ್ಗುತ್ತದೆ, ಬಫರ್ ಬಿಟ್ಟರೆ ಉಬ್ಬುತ್ತದೆ, ನನ್ನ ಸಣ್ಣ ಕಾಲಂ ಕಟ್ಟಿಕೊಂಡೇ ಇರುತ್ತಿತ್ತು.

ಲೀಟರಿಗೆ 1.3 ಗ್ರಾಂ ಮೆಗ್ನೀಸಿಯಂ ಆ ನೀರಲ್ಲೇ ಇದೆ, ಅಲ್ವಾ? ಅದನ್ನೇ ಬಲೆ ಮಾಡಿದೆ: ಅದು ಗಸಿ ಕಟ್ಟುವಾಗ ಸೀಸವನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. 50 ಮಿ.ಲೀ. ನೀರಿಗೆ ಚೂರು ಅಮೋನಿಯಾ, ನಾಲ್ಕು ಸಲ ತಲೆಕೆಳಗೆ ಮಾಡಿ ಸೆಂಟ್ರಿಫ್ಯೂಜ್. ತಳದಲ್ಲಿ ಹೆಸರುಕಾಳಿನಷ್ಟು ಬಿಳಿ ಗಸಿ. ನೀರು ಚೆಲ್ಲಿ, 1 ಮಿ.ಲೀ. ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿದರೆ ಸೀಸ 50 ಪಟ್ಟು ಗಾಢ. ಎಷ್ಟು ಅಮೋನಿಯಾ, ಎಷ್ಟು ನಿಮಿಷ ಅನ್ನುವುದನ್ನು ನೀವೇ ಒದ್ದಾಡಿ ಕಂಡುಕೊಳ್ಳಿ. ನಾನೂ ಹಾಗೇ ಕಲಿತದ್ದು.

ಸೋತದ್ದು ಬ್ಲ್ಯಾಂಕ್‌ನಲ್ಲಿ, ಅಂದರೆ ಸೀಸವಿಲ್ಲದ ನೀರಿನ ಪರೀಕ್ಷೆಯಲ್ಲಿ. ಸೀಸ ತೆಗೆದಾದ ನೀರಿಗೇ ಮತ್ತೆ ಅಮೋನಿಯಾ ಹಾಕಿದರೂ ಸ್ಯಾಂಪಲ್‌ನಷ್ಟೇ ಸೀಸ! ಪೈಪೆಟ್ ಟಿಪ್, ಗ್ಲೌಸ್, ಆಸಿಡ್ ಎಲ್ಲ ಬದಲಿಸಿದೆ. ಒಂದೂವರೆ ತಿಂಗಳು ಹೋಯಿತು. ಕಳ್ಳ ಸಿಕ್ಕಿದ್ದು ಗಾಜಿನ ಬಾಟಲಿಯ ಅಮೋನಿಯಾದಲ್ಲಿ, ಸೀಸ ಅದರಲ್ಲೇ ಇತ್ತು. 120 ರೂಪಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಕಪ್ ಇಟ್ಟೆ, ಒಂದರಲ್ಲಿ ಅಮೋನಿಯಾ, ಇನ್ನೊಂದರಲ್ಲಿ ಶುದ್ಧ ನೀರು. ಮುಚ್ಚಳ ಬಿಗಿದು ನಾಲ್ಕು ದಿನ ಸುಮ್ನೆ ಬಿಟ್ಟೆ. ಗ್ಯಾಸ್ ಮಾತ್ರ ಆಚೆಯ ಕಪ್ಪಿಗೆ ದಾಟಿತು, ಸೀಸ ಈಚೆಯೇ ಉಳಿಯಿತು. ಅವತ್ತಿನಿಂದ, ಪರೀಕ್ಷೆಗೆಂದು ನಾನೇ ಅಳೆದು ಹಾಕಿದ ಸೀಸದಲ್ಲಿ ನೂರಕ್ಕೆ 92-95 ವಾಪಸ್ ಸಿಗುತ್ತಿದೆ.

ಮಳೆಗಾಲದಲ್ಲಿ ಕಾಳಿ ಅಳಿವೆಯ ನೀರು ತಂದರೆ ಗಸಿಯೇ ಕಟ್ಟಲಿಲ್ಲ. ಸಪ್ಪೆ ನೀರು, ಮೆಗ್ನೀಸಿಯಂ ಎಲ್ಲಿಂದ ಬರಬೇಕು? ಸಾಣಿಕಟ್ಟಾದ ಆಗರದಿಂದ ಉಪ್ಪು ತೆಗೆದ ಮೇಲೆ ಉಳಿಯುವ, ಮೆಗ್ನೀಸಿಯಂ ತುಂಬಿದ ಕಹಿ ನೀರು ತಂದು ಅಮೋನಿಯಾ ಹಾಕಿದೆ. ಟ್ಯೂಬೆಲ್ಲ ಗಟ್ಟಿ ಮೊಸರು! ಮುಂದಿನ ಸಲ ಸ್ವಲ್ಪವೇ ಹಾಕಿ, ಮೊದಲ ಗಸಿಯನ್ನು ಸೀಸದ ಸಮೇತ ಎಸೆದೆ. ಮೇಲೆ ಉಳಿದ ತಿಳಿಯಲ್ಲಿ ಮೆಗ್ನೀಸಿಯಂ ಇನ್ನೂ ಬೇಕಾದಷ್ಟಿತ್ತು. ಅದರ ಕೆಲವು ಹನಿ ಸಪ್ಪೆ ಸ್ಯಾಂಪಲ್‌ಗೆ ಸಾಕು.

ತಾಮ್ರ, ಕ್ಯಾಡ್ಮಿಯಂ ಮಾತ್ರ ಈ ಬಲೆಗೆ ಸರಿಯಾಗಿ ಬೀಳುವುದಿಲ್ಲ. ಅಮೋನಿಯಾ ಅವನ್ನು ನೀರಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಅವಕ್ಕಾಗಿ ಈಗಲೂ ಆ ಹಾಳು ಕಾಲಂ ಮುಂದೆ ಕೂತಿರುತ್ತೇನೆ.